ಅಳಿಸಿಹಾಕಿದ ಆರು ವಾರ

ಬಾಗಿಲಲ್ಲಿ ಚಪ್ಪಲಿ ಹೊರಗೆ ಬಿಡಿ ಎಂದು ಮರಾಠಿಯಲ್ಲಿ ಬರೆದಿತ್ತು. ಮನೀಷಾ ಅದನ್ನು ಓದಿದಳು, ಓದಿಯೂ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಹೋದಳು.

ಗೋಕುಳ ಶಿರಗಾಂವದ ಫೌಂಡ್ರಿಗಳ ನಡುವೆ, ಒಂದು ಲೇಥ್ ವರ್ಕ್‌ಶಾಪಿನ ಮೇಲಂತಸ್ತಿನಲ್ಲಿ ಆ ಸಂಸ್ಥೆಯ ಆಫೀಸು. ಮಕ್ಕಳ ಬೆಳವಣಿಗೆಯ ಕೆಲಸ ಮಾಡುವ ಸಂಸ್ಥೆ. ಗೋಡೆಯ ತುಂಬ ನಗುವ ಮಕ್ಕಳ ಫೋಟೋ. ಅವುಗಳ ಕಡೆ ನೋಡದೆ ಅವಳು ಮರಾಠಿಯಲ್ಲಿ ಕೇಳಿದಳು:

“ಅಭಯ ಹತ್ತರಕಿ ಕೋಣ್?”

ಕಿಟಕಿಯ ಬಳಿ ಕಂಪ್ಯೂಟರಿನ ಹಿಂದಿನಿಂದ ಒಬ್ಬ ಎದ್ದು ನಿಂತ. ಮೂವತ್ತರ ಆಸುಪಾಸು, ಮಡಚಿದ ತೋಳಿನ ಅಂಗಿ, ಕೈಯಲ್ಲಿ ಅರ್ಧ ಕುಡಿದ ಚಹಾ. “ಮೀಚ್. ಬೋಲಾ,” ನಾನೇ, ಹೇಳಿ ಅಂದ.

“ಹತ್ತರಕಿ ಅಂದಮ್ಯಾಲೆ ಕನ್ನಡ ಬರತೈತಿ. ಕನ್ನಡದಾಗ ಕೇಳತೇನಿ, ಕನ್ನಡದಾಗ ಹೇಳ್ರಿ.” ಅವಳು ಒಂದು ಕಾಗದವನ್ನು ಅವನ ಕೀಬೋರ್ಡಿನ ಮೇಲಿಟ್ಟಳು. “ಇದನ್ನ ಬರದವರು ಯಾರು?”

ಅವನು ಕಾಗದದ ಕಡೆ ನೋಡಲಿಲ್ಲ. ಅವಳ ದನಿ ಕೇಳಿದ ಕೂಡಲೇ ಅವನ ಮುಖ ಯಾರೋ ಗುರುತಿನವರನ್ನು ಕಂಡಂತಾಯಿತು. “ನೀವು ಮನೀಷಾ ಅವರಲ್ರಿ?”

“ಕೇಳಿದ್ದಕ್ಕ ಉತ್ತರ ಹೇಳ್ರಿ.”

ಆಗ ಓದಿದ. ಕಾಜಲ, ತಂದೆ ಕೇದಾರಿ, ಕಬನೂರ. ವಯಸ್ಸು ಎರಡು ವರ್ಷ ಎರಡು ತಿಂಗಳು. ಮಾತಿನ ಬೆಳವಣಿಗೆ ಕುಂಠಿತವಾಗಿದೆ. ಮನೆಯಲ್ಲಿ ಎರಡು ಭಾಷೆ ಆಡುವುದರಿಂದ ಮಗುವಿಗೆ ಗೊಂದಲವಾಗಿರುವ ಸಂಭವವಿದೆ. ಇನ್ನು ಮುಂದೆ ಮಗುವಿನೊಂದಿಗೆ ಮರಾಠಿ ಮಾತ್ರ ಆಡಬೇಕು.

“ನಾನ ರೀ,” ಅಂದ. “ಒಕ್ಕಣಿ ನಮ್ಮ ಸಂಸ್ಥಾದ ಮುಖ್ಯಸ್ಥರು ಸುಕುಮಾರ ಸಾಹೇಬರದು. ಆದ್ರ ಕೂಸಿನ ಹೆಸರ ಮುಂದ ಕೆಂಪು ಬಣ್ಣ ಬಂದದ್ದು ನಾ ಬರದ ಪ್ರೋಗ್ರಾಂನಿಂದ.”

ಅವನು ಸುಳ್ಳು ಹೇಳುತ್ತಾನೆ, ಯಾರ ಮೇಲೋ ಹಾಕುತ್ತಾನೆ ಎಂದುಕೊಂಡು ಬಂದಿದ್ದಳು. ಹಾಗೆ ಮಾಡದೆ ಒಪ್ಪಿಕೊಂಡದ್ದು ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಮನೀಷಾ ಕೊಲ್ಹಾಪುರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಊರು ಗಡಹಿಂಗ್ಲಜ ತಾಲೂಕಿನ ನೂಲ. ತಂದೆ ಕೃಷ್ಣಾತ ಕುರಿ ಸಾಕಿದವನು. ಮಕ್ಕಳಿಗೆ ಮಾತು ಹೇಗೆ ಬರುತ್ತದೆ ಎನ್ನುವುದು ಅವಳ ವಿಷಯ. ಕಬನೂರದ ಪವರ್‌ಲೂಮ್ ಕೆಲಸಗಾರರ ಹನ್ನೆರಡು ಮನೆಗಳಿಗೆ ವಾರವಾರವೂ ಹೋಗಿ, ಮಗುವಿನ ಮುಂದೆ ಒಂದು ತಾಸು ಕ್ಯಾಮೆರಾ ಇಟ್ಟು, ಅದು ಆಡಿದ ಪ್ರತಿ ಶಬ್ದವನ್ನೂ ಎಣಿಸುತ್ತಿದ್ದಳು. ಕ್ಯಾಮೆರಾ ಈ ಸಂಸ್ಥೆಯದು. ಅದಕ್ಕೆ ಬದಲಾಗಿ ವಿಡಿಯೋಗಳ ಒಂದೊಂದು ಪ್ರತಿ ಸಂಸ್ಥೆಗೆ ಹೋಗುತ್ತಿತ್ತು. ಎಂಟು ತಿಂಗಳಿಂದ ಅಭಯನೊಂದಿಗೆ ಈಮೇಲ್‌ನಲ್ಲಿ ವ್ಯವಹಾರವಿತ್ತು, ಮುಖ ಕಂಡಿರಲಿಲ್ಲ.

“ನೀವು ಒಂಬತ್ತರಿಂದ ಹದಿನಾಲ್ಕನೇ ವಾರ ತಗದು ಹಾಕೀರಿ,” ಅಂದಳು.

“ತಗದೇನಿ. ಇಪ್ಪತ್ತೆರಡು ಶಬ್ದ, ಐದು, ಹತ್ತೊಂಬತ್ತು, ಮೂರು, ಇಪ್ಪತ್ನಾಕು, ಆರು. ಯಾವ ಕೂಸೂ ಹಂಗ ಮಾತಾಡೂದಿಲ್ರಿ. ಎಣಿಕಿ ತಪ್ಪಿರಬೇಕು ಅಂತ...”

“ಎಣಿಸಿದಾಕಿ ನಾನು.”

ಕೆಳಗಿನ ಲೇಥ್ ಕಬ್ಬಿಣ ಕೊರೆಯುತ್ತಿತ್ತು.

“ಕಾಂಪ್ಲೆಕ್ಸ್ ಡೈನಾಮಿಕ್ ಸಿಸ್ಟಮ್ಸ್ ಅಂತ ನನ್ನ ಪ್ರಪೋಸಲ್‌ದಾಗ ನಲವತ್ತು ಪುಟ ಬರದಿದ್ದೆ. ನೀವು ಓದಿಲ್ಲ. ಹೋಗಲಿ, ಬ್ಯಾರೆ ಥರ ಹೇಳತೇನಿ.” ಅವಳು ಇನ್ನೂ ನಿಂತೇ ಇದ್ದಳು. “ಕುರಿಮರಿ ಹುಟ್ಟಿದ ದಿವಸ ನೋಡೀರೇನು? ಏಳತೈತಿ, ಬೀಳತೈತಿ. ನಾಕೂ ಕಾಲು ನಾಕು ದಿಕ್ಕಿಗೆ ಹೋಗತಾವ. ಆಮ್ಯಾಲೆ ಒಮ್ಮಿಗೇ ನಿಲ್ಲತೈತಿ. ಆ ನಡುಗೂದು ತಪ್ಪಲ್ಲ. ನಿಲ್ಲೂದು ಅದರಿಂದನ ಬರತೈತಿ. ಕಾಜಲ ಒಂದು ವಾರ ಅಜ್ಜಿ ಮಾತು ಆಡಿದ್ಲು, ಒಂದು ವಾರ ಓಣಿ ಮಾತು ಆಡಿದ್ಲು, ಒಂದು ವಾರ ಎರಡನ್ನೂ ಬಿಟ್ಟು ಬರೇ ಕೇಳಿದ್ಲು. ಎರಡೂ ಒಂದರೊಳಗೊಂದು ಕೂಡೂ ಹೊತ್ತಿನಾಗ ಲೆಕ್ಕ ಹಿಂಗ ಹಾರಾಡತೈತಿ. ಅದನ್ನ ನೀವು ಕಸ ಅಂತ ಬಳದು, ಹನ್ನೆರಡು ಮಕ್ಕಳ ಸರಾಸರಿ ಪಕ್ಕ ನಿಲ್ಲಿಸೀರಿ. ಆ ಸರಾಸರಿ ಯಾವ ಕೂಸಿಂದೂ ಅಲ್ರಿ. ಹನ್ನೆರಡೂ ಮಂದಿಯೊಳಗ ಒಬ್ಬರೂ ಆ ಗೆರಿ ಮ್ಯಾಲೆ ನಡದಿಲ್ಲ.”

“ನಾನು ಅದನ್ನ...”

“ಇನ್ನೂ ಮುಗದಿಲ್ಲ. ನಾ ಮೂರು ವಾರ ಪುಣೆದಾಗ ಟ್ರೇನಿಂಗಿಗೆ ಹೋಗಿದ್ದೆ. ನಿಮ್ಮವರ ಯಾರೋ ಕ್ಯಾಮೆರಾ ಹಿಡದ್ರು. ನಿನ್ನೆ ಹೋಗಿ ನೋಡತೇನಿ, ಅಜ್ಜಿ ಬಾಯಿ ಕಟ್ಟಿಕೊಂಡು ಕುಂತಾಳ. ಆಕಿಗೆ ಮರಾಠಿ ಬರೂದಿಲ್ಲ. ಕಾಗದ ಬಂದ ದಿವಸದಿಂದ ಮೊಮ್ಮಗಳ ಜೋಡಿ ಒಂದು ಮಾತು ಆಡಿಲ್ಲ.”

ಅಭಯ ಚಹಾದ ಗ್ಲಾಸನ್ನು ಕೆಳಗಿಟ್ಟ. “ಯಮುನವ್ವ ಮಾತು ಬಿಟ್ಟಾರೇನು?”

ಅಜ್ಜಿಯ ಹೆಸರು ಅವನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಕೇಳಿ ಮನೀಷಾ ಒಂದು ಕ್ಷಣ ತಡೆದಳು. ಆಮೇಲೆ ಕಾಗದವನ್ನು ಮಡಚಿಕೊಂಡಳು. “ಗುರುವಾರ ಹನ್ನೊಂದಕ್ಕ ಕಬನೂರಕ್ಕ ಬರ್ರಿ. ಬಂದು ನಿಮ್ಮ ಕಣ್ಣಿಲೆ ನೋಡ್ರಿ.”

*

ಕೇದಾರಿಯ ಮನೆ ಮಗ್ಗದ ಶೆಡ್ಡಿಗೆ ಅಂಟಿಕೊಂಡಿತ್ತು. ಗೋಡೆಯಾಚೆ ಹಗಲಿಡೀ ಖಟ್ ಖಟ್ ಖಟ್. ಅಂಥ ಸದ್ದಿನ ಮನೆಯೊಳಗೆ ಒಬ್ಬ ಮುದುಕಿಯ ಮೌನ ಎಷ್ಟು ದೊಡ್ಡದಾಗಿ ಕಾಣಬಹುದು ಎಂದು ಅಭಯ ಎಣಿಸಿರಲಿಲ್ಲ.

ಕಾಜಲ ಅಜ್ಜಿಯ ಮೊಣಕಾಲು ಹಿಡಿದು ನಿಂತಿದ್ದಳು. ಮೂಲೆಯಲ್ಲಿದ್ದ ಬೆಕ್ಕನ್ನು ತೋರಿಸಿ ಅಜ್ಜಿಯ ಬಾಯಿಯ ಕಡೆಗೇ ನೋಡಿದಳು, ಅದರ ಹೆಸರು ಅಲ್ಲಿಂದ ಬರಬೇಕು ಎನ್ನುವಂತೆ. ಯಮುನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮುಖ ತಿರುಗಿಸಿದಳು. ಮಗು ಗದ್ದ ಹಿಡಿದು ಆ ಮುಖವನ್ನು ತನ್ನ ಕಡೆ ಎಳೆಯಿತು. ಮುದುಕಿಯ ಕಣ್ಣು ತುಂಬಿತು. ಬಾಯಿ ತೆರೆಯಲಿಲ್ಲ.

ಕೇದಾರಿ ಪಾಳಿ ಮುಗಿಸಿ ಬಂದಿದ್ದ, ಕೂದಲ ಮೇಲೆ ಹತ್ತಿಯ ಧೂಳು. ಅವನು ಅಭಯನಿಗಿಂತ ಮೊದಲು ಮನೀಷಾಳ ಕಡೆ ತಿರುಗಿದ.

“ಮ್ಯಾಡಮ್, ನೀವು ಕ್ಯಾಮೆರಾ ತಂದ್ರಿ, ನಾವು ಚಾಪಿ ಹಾಸಿದ್ವಿ. ನಮ್ಮ ಮಂದಿ, ನಮ್ಮ ಭಾಷಾ ಅಂತ ನಂಬಿ ಸಹಿ ಮಾಡಿದ್ವಿ. ಈಗ ನನ್ನ ಹೇಣ್ತಿ ನೂಲಿನ ಕಂಡಿಕೆ ಸುತ್ತೂ ಕಡೆ ಎಲ್ಲಾರೂ ಕೇಳತಾರ, ನಿಮ್ಮ ಕೂಸು ಮೂಕಿ ಏನ ಅಂತ. ಅವ್ವ ಉಣ್ಣೂದು ಬಿಟ್ಟಾಳ. ಯಾರನ್ನ ಕೇಳಲಿ ನಾನು?”

ಆ ಒಪ್ಪಿಗೆ ಪತ್ರವನ್ನು ಓದಿ ಹೇಳಿದವಳು ಮನೀಷಾಳೇ. ಇಷ್ಟು ದಿನ ಹೊರಗೆ ಎಸೆಯುತ್ತಿದ್ದ ಸಿಟ್ಟಿನ ಒಂದು ತುಂಡು ತಿರುಗಿ ಬಂದು ಅವಳಿಗೇ ತಾಗಿತು.

“ತಪ್ಪು ನಂದ ರೀ,” ಅಭಯ ಹೇಳಿದ. “ಕೂಸಿಗೆ ಏನೂ ಆಗಿಲ್ಲ. ಅವ್ವಾ, ನೀವು ಮಾತಾಡ್ರಿ.”

ಯಮುನವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಂದು ಕಾಗದ ಮಾತು ನಿಲ್ಲಿಸು ಅಂದಿತ್ತು. ಈಗ ಯಾವನೋ ಒಬ್ಬ ಮಾತಾಡು ಅನ್ನುತ್ತಾನೆ. ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

*

ಆಮೇಲಿನ ಒಂದು ವಾರ ಇಬ್ಬರೂ ವಿದ್ಯಾಪೀಠದ ಲೈಬ್ರರಿಯ ಹೊರಗೆ, ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಲೆಕ್ಕ ಬಿಡಿಸಿದರು. ಅಭಯ ಊಟದ ಬಿಡುವಿನಲ್ಲಿ ಬೈಕ್ ಮೇಲೆ ಬರುತ್ತಿದ್ದ. ಹನ್ನೆರಡು ಮಕ್ಕಳ ಹನ್ನೆರಡು ಗೆರೆ ಬೇರೆಬೇರೆಯಾಗಿ ಬರೆದರು. ಪ್ರತಿ ಗೆರೆಗೂ ಜಗಳವಾಯಿತು.

“ನೀವು ಸಿಟ್ಟಿನಾಗ ಪೆನ್ಸಿಲ್ ಮುರೀತೀರಿ,” ಅಂದ ಒಮ್ಮೆ.

“ಬರೇ ಪೆನ್ಸಿಲ್ ಮುರೀತೇನಿ ಅಂತ ಸಂತೋಷ ಪಡ್ರಿ.”

ಅವನು ನಗು ತಡೆಯಲು ಕೆಳತುಟಿ ಕಚ್ಚಿದ. ಅವಳು ನೋಡಿದಳು, ನೋಡದವಳಂತೆ ಕಾಗದ ತಿರುವಿದಳು. ಮರದ ಒಂದು ಒಣ ಎಲೆ ಅವಳ ಕೂದಲಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಹೇಳಲೋ ಬೇಡವೋ ಎಂದು ಅವನು ಅರ್ಧ ತಾಸು ಒದ್ದಾಡಿ ಕೊನೆಗೆ ಹೇಳಲಿಲ್ಲ. ಹಾಸ್ಟೆಲಿನ ಕನ್ನಡಿಯಲ್ಲಿ ಅದನ್ನು ಕಂಡು ಅವಳಿಗೆ ಅದಕ್ಕೂ ಸಿಟ್ಟು ಬಂತು.

ಶುಕ್ರವಾರ ಅವನು ಬಂದಾಗ ಮುಖ ಸಪ್ಪಗಿತ್ತು. ಲ್ಯಾಪ್‌ಟಾಪ್ ತೆರೆದು ತೋರಿಸಿದ. ಕಾಜಲಳ ಹೆಸರಿನ ಮುಂದೆ ಕೆಂಪು ಹೋಗಿ ಹಳದಿ ಬಂದಿತ್ತು.

“ಕಾಗದ ಹೋದ ಮ್ಯಾಲಿನ ನಾಕು ವಾರ. ಹನ್ನೊಂದು ಶಬ್ದ, ಹನ್ನೊಂದು, ಹನ್ನೆರಡು, ಹನ್ನೆರಡು. ಏರಿಳಿತ ಇಲ್ಲ. ಪ್ರೋಗ್ರಾಂ ಇದನ್ನ ಸುಧಾರಣಾ ಅಂತ ತಿಳೀತು.”

ಮನೀಷಾ ಆ ನಾಲ್ಕು ಅಂಕಿಗಳನ್ನು ಬಹಳ ಹೊತ್ತು ನೋಡಿದಳು. ಅಜ್ಜಿ ಮಾತು ಬಿಟ್ಟಿದ್ದಳು. ಮಗು ಹಾರಾಡುವುದನ್ನು ಬಿಟ್ಟಿತ್ತು. ಪರದೆಯ ಮೇಲೆ ಅದು ನೆಟ್ಟಗಿನ ಚೆಂದದ ಗೆರೆಯಾಗಿತ್ತು.

“ಸುಕುಮಾರ ಸಾಹೇಬರು ಸೋಮವಾರ ಕೊಲ್ಹಾಪುರದ ಸಭಾದಾಗ ಇದನ್ನ ತೋರಸ್ತಾರ,” ಅಭಯ ಹೇಳಿದ. “ಒಂದು ಭಾಷಾ, ಒಂದು ಮನಿ, ಒಂದು ಯಶಸ್ಸು ಅಂತ ಸ್ಲೈಡ್ ಮಾಡಿಸ್ಯಾರ. ಇದ ಸಲಹಾ ಇನ್ನು ನೂರು ಮನಿಗೆ ಕಳಸೂದೈತಿ.”

“ನೀವು ಬರ್ರಿ. ಅಳಿಸಿದ ವಾರಗಳ ಚಾರ್ಟ್ ತಗೊಂಡು ಬರ್ರಿ. ನಾ ಮಾತಾಡತೇನಿ.”

“ಬರತೇನಿ,” ಅಂದ.

*

ಶನಿವಾರ ಇಬ್ಬರೂ ಗಡಹಿಂಗ್ಲಜದ ಒಂದೇ ಬಸ್ಸು ಹತ್ತಿದರು. ಅವಳಿಗೆ ನೂಲಕ್ಕೆ ಹೋಗಬೇಕಿತ್ತು. ಅವನ ಮನೆ ಗಡಹಿಂಗ್ಲಜ ಪೇಟೆಯಲ್ಲೇ. ತಂದೆ ರಾವಸಾಹೇಬರದು ಬೆಲ್ಲದ ವ್ಯಾಪಾರ. ಬಸ್ಸು ನಿಪಾಣಿ ದಾಟಿತು. ಕಿಟಕಿಯ ಗಾಳಿಗೆ ಅವಳ ಓಢಣಿಯ ತುದಿ ಮತ್ತೆಮತ್ತೆ ಅವನ ಮಣಿಕಟ್ಟಿಗೆ ತಾಗುತ್ತಿತ್ತು. ಅವನು ಕೈ ಸರಿಸಲಿಲ್ಲ. ಅವಳು ಓಢಣಿ ಎಳೆದುಕೊಳ್ಳಲಿಲ್ಲ.

“ಒಂದು ಮಾತು ಹೇಳಬೇಕು. ಬೈಬ್ಯಾಡ್ರಿ,” ಅಂದ ಅಭಯ.

“ಬೈಯೂದು ಬಿಡೂದು ಕೇಳಿದ ಮ್ಯಾಲೆ.”

“ನಿಮ್ಮ ವಿಡಿಯೋ ಹತ್ತರಾಗ ಒಂದು ನೋಡಿದ್ರ ನನ್ನ ಕೆಲಸಕ್ಕ ಸಾಕಿತ್ತು. ನಾ ಎಲ್ಲಾ ನೋಡೇನಿ. ಮುನ್ನೂರ ಚಿಲ್ಲರ ತಾಸು.” ಅವನು ಮುಂದಿನ ಸೀಟಿನ ಕಂಬಿಯನ್ನು ನೋಡುತ್ತ ಹೇಳುತ್ತಿದ್ದ. “ಒಂದರಾಗೂ ನೀವು ಕಾಣೂದಿಲ್ಲ. ಕ್ಯಾಮೆರಾದ ಹಿಂದ ಇರತೀರಿ. ಬರೇ ದನಿ. ಕೂಸಿನ ಜೋಡಿ ಮಾತಾಡುವಾಗ ಒಂದು ಥರ, ಯಮುನವ್ವನ ಜೋಡಿ ನಗುವಾಗ ಒಂದು ಥರ. ಒಮ್ಮೆ ಕಾಜಲನ ಮೂಗು ಒರಸಾಕ ನಿಮ್ಮ ಕೈ ಬಂದಿತ್ತು, ಹಸರ ಬಳಿ ಇದ್ದುವು. ಅದನ್ನ ಎಷ್ಟು ಸಲ ನೋಡೇನೋ ಗೊತ್ತಿಲ್ರಿ. ನಾನು ಊರು ಬಿಟ್ಟ ಮ್ಯಾಲೆ ಕನ್ನಡ ಆಡಿದ್ದ ಕಡಿಮಿ. ಆ ದನಿ ಕೇಳಿ ಕೇಳಿ, ಆಫೀಸಿನಾಗ ಒಬ್ಬನ ಕುಂತು ಉತ್ತರ ಕೊಡಾಕ ಹತ್ತಿದ್ದೆ.”

ಮನೀಷಾಳ ಕಿವಿ ಬಿಸಿಯಾಯಿತು. ಕಿಟಕಿಯಾಚೆ ಕಬ್ಬಿನ ಹೊಲಗಳು ಓಡುತ್ತಿದ್ದವು. ಯಾವ ಹುಡುಗಿಯೂ ಎರಡನೇ ಸಲ ಕೇಳಬೇಕೆಂದು ಬಯಸುವ ಮಾತು ಅದು. ಅವಳೂ ಬಯಸಿದಳು. ಅಷ್ಟರಲ್ಲಿ ಅದರೊಳಗಿನ ಇನ್ನೊಂದು ಸಂಗತಿ ಅವಳಿಗೆ ಹೊಳೆಯಿತು.

“ಎಲ್ಲಾ ನೋಡೀರಿ,” ಅಂದಳು ನಿಧಾನವಾಗಿ. “ಒಂಬತ್ತರಿಂದ ಹದಿನಾಲ್ಕನೇ ವಾರದ್ದೂ ನೋಡೀರಿ.”

“ನೋಡೇನಿ.”

“ಒಂದು ವಾರ ಇಪ್ಪತ್ತೆರಡು ಶಬ್ದ, ಮುಂದಿನ ವಾರ ಐದು. ನನ್ನ ಎಣಿಕಿ ಖರೇ ಅಂತ ನಿಮ್ಮ ಕಿವಿಗೆ ಬಿದ್ದಿರಬೇಕಲ್ಲ. ಆದ್ರೂ ತಪ್ಪು ಅಂತ ಯಾಕ ತಗದ್ರಿ?”

ಅವನು ಅವಳ ಕಡೆ ತಿರುಗಿದ. ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಸಾಕಾಗುತ್ತಿತ್ತು. “ನಾ ಕೂಸಿನ ಕಡೆ ಲಕ್ಷ್ಯ ಕೊಟ್ಟಿದ್ದಿಲ್ರಿ.”

ಅವಳು ಎದ್ದಳು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯುತ್ತ ಮುಂದೆ ಹೋಗಿ, ಕಾಯಿಪಲ್ಲೆಯ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸಿನ ಪಕ್ಕ ಕೂತಳು. ಗಡಹಿಂಗ್ಲಜ ಬಂದಾಗ ಹಿಂದೆ ನೋಡದೆ ಇಳಿದಳು.

ನೂಲದಲ್ಲಿ ಕುರಿಗಳಿಗೆ ನೀರಿಡುವಾಗ ಬಕೆಟ್ಟನ್ನು ಕುಕ್ಕಿದಳು. ತಂದೆ ಕೃಷ್ಣಾತ ಹಟ್ಟಿಯ ಬಾಗಿಲಲ್ಲಿ ನಿಂತು ನೋಡಿದ.

“ಯಾರ ಮ್ಯಾಲೆ ಸಿಟ್ಟು?”

“ಯಾರ ಮ್ಯಾಲೂ ಇಲ್ಲಪ್ಪಾ.”

“ಯಾರ ಮ್ಯಾಲೂ ಇಲ್ಲದ ಸಿಟ್ಟಿಗೆ ಇಷ್ಟು ಜೋರು ಇರೂದಿಲ್ಲ,” ಅಂದು ಅವನು ಬಕೆಟ್ಟನ್ನು ಅವಳ ಕೈಯಿಂದ ತಗೊಂಡ.

*

ಸೋಮವಾರ ಅಭಯ ಬರಲಿಲ್ಲ.

ಸಭಾಂಗಣದ ಬಾಗಿಲಲ್ಲಿ ಅವಳು ಮುಕ್ಕಾಲು ತಾಸು ಕಾದಳು. ಫೋನ್ ಸ್ವಿಚ್ ಆಫ್. ಒಳಗೆ ಸುಕುಮಾರ ಸಾಹೇಬರ ಸ್ಲೈಡ್ ಶುರುವಾಯಿತು. ನೆಟ್ಟಗಿನ ಹಳದಿ ಗೆರೆ, ಅದರ ಮೂಲೆಯಲ್ಲಿ ಚಿಕ್ಕದಾಗಿ, ವಿಶ್ಲೇಷಣೆ: ಅಭಯ ಹತ್ತರಕಿ. ಹೆದರಿ ಓಡಿಹೋದ ಅಂದುಕೊಂಡಳು. ಮೈಯೆಲ್ಲ ಉರಿಯಿತು.

ಕೈಯಲ್ಲಿ ಏನೂ ಇಲ್ಲದೆಯೇ ಎದ್ದು ನಿಂತಳು. ಆ ಹನ್ನೊಂದು ಶಬ್ದ ಯಾಕೆ ಸ್ಥಿರವಾಗಿವೆ ಗೊತ್ತೇ ಎಂದು ಮರಾಠಿಯಲ್ಲಿ ಕೇಳಿದಳು. ಆ ಮನೆಯಲ್ಲಿ ದಿನವಿಡೀ ಮಗುವಿನೊಂದಿಗೆ ಇರುವವಳು ಅಜ್ಜಿ ಒಬ್ಬಳೇ, ಅವಳ ಬಾಯಿಯನ್ನು ನೀವು ಮುಚ್ಚಿಸಿದಿರಿ. ಮಾತು ಒಂದು ಭಾಷೆಯಿಂದ ಬರುವುದಿಲ್ಲ, ಅಜ್ಜಿ, ಓಣಿ, ತಾಯಿ, ಮಗ್ಗದ ಸದ್ದು ಎಲ್ಲ ಕೂಡಿ ಬರುತ್ತದೆ, ಒಂದನ್ನು ಕಿತ್ತರೆ ಎಲ್ಲವೂ ಅಲುಗುತ್ತದೆ. ನೀವು ತೋರಿಸುತ್ತಿರುವ ಗೆರೆ ಸುಧಾರಣೆಯಲ್ಲ, ಒಂದು ಮಗು ಕಾಯುತ್ತ ಕೂತಿರುವುದು.

ಸುಕುಮಾರ ಸಾಹೇಬರು ಸೌಮ್ಯವಾಗಿ ನಕ್ಕು, ಪುರಾವೆ ಇದ್ದರೆ ತೋರಿಸಿ ಅಂದರು. ಚಾರ್ಟ್ ಬರದೆ ಇದ್ದ ಮನುಷ್ಯನ ಹತ್ತಿರ ಇತ್ತು. ಅವಳ ಜೊತೆಗಿನ ಕರಾರು ಅಂದಿಗೆ ಮುಗಿಯಿತು ಎಂದೂ ಅವರು ಅಷ್ಟೇ ಸೌಮ್ಯವಾಗಿ ಸೇರಿಸಿದರು. ಮುಂದಿನ ಸಾಲಿನಲ್ಲಿದ್ದ ಅವಳ ಗೈಡ್ ಪ್ರಿಯದರ್ಶನಿ ಮ್ಯಾಡಮ್ ಮಾತ್ರ ಎದ್ದು, “ನನ್ನ ವಿದ್ಯಾರ್ಥಿನಿ ಹೇಳಿದ್ದನ್ನು ನಾನು ಬರೆದುಕೊಡುತ್ತೇನೆ,” ಅಂದರು.

ಹೊರಗೆ ಬಂದವಳು ನೇರವಾಗಿ ಕಬನೂರಕ್ಕೆ ಹೋಗುವ ಇಚಲಕರಂಜಿಯ ಬಸ್ಸು ಹತ್ತಿದಳು. ಯಮುನವ್ವನ ಕಾಲು ಹಿಡಿದು ತಪ್ಪಾಯಿತು ಅನ್ನುವುದೊಂದು ಉಳಿದಿತ್ತು.

ಓಣಿಯ ತಿರುವಿನಲ್ಲೇ ಅವಳಿಗೆ ಆ ದನಿ ಕೇಳಿಸಿತು. ಮಗ್ಗಗಳನ್ನೂ ಮೀರಿ ಬರುತ್ತಿತ್ತು.

“ಯಾರೋ ನೀ? ನನ್ನ ಬಾಯಿಗೆ ಬೀಗ ಹಾಕಾಕ ನಿನಗ ಯಾರು ಹೇಳಿದ್ರು? ನಾಕು ಮಕ್ಕಳನ್ನ ಇದ ಬಾಯಿಲೆ ಬೆಳಸೇನಿ. ಇನ್ನೂರು ಕುರಿಗೆ ನನ್ನ ಮಾತು ತಿಳೀತಿತ್ತು, ನಿನ್ನ ಮಷೀನಿಗೆ ತಿಳೀಲಿಲ್ಲೇನೋ ಖೋಡಿ?”

ಮನೀಷಾ ಬಾಗಿಲಿಗೆ ಓಡಿದಳು. ಅಭಯ ನೆಲದ ಮೇಲೆ ಕಾಲು ಮಡಚಿ, ತಲೆ ಬಗ್ಗಿಸಿ ಕೂತಿದ್ದ. ಮುಂದೆ ಒಂದು ಕಾಗದ. ಮೇಲೆ ಸಂಸ್ಥೆಯ ಹೆಸರು, ಕೆಳಗೆ ಶಿಕ್ಕಾ ಮತ್ತು ಅವನ ಸಹಿ. ಮೊದಲಿನ ಪತ್ರ ತಪ್ಪು, ಮಗು ಸರಿಯಾಗಿದೆ, ಅಜ್ಜಿ ಎಂದಿನಂತೆ ಮಾತಾಡಬೇಕು ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಕೈಯಿಂದ ಬರೆದಿದ್ದ. ಅದನ್ನು ಓದಿ ಹೇಳಿದ್ದ. ಮಗುವಿನ ಹೆಸರಿಗೆ ಕೆಂಪು ಹಚ್ಚಿದವನು ನಾನೇ ಎಂದೂ ಹೇಳಿದ್ದ. ನಾಲ್ಕು ವಾರ ಗಂಟಲಲ್ಲಿ ಕಟ್ಟಿದ್ದದ್ದೆಲ್ಲ ಒಮ್ಮೆಗೇ ಅವನ ತಲೆಯ ಮೇಲೆ ಸುರಿಯುತ್ತಿತ್ತು.

ಕೇದಾರಿ ಗೋಡೆಗೆ ಒರಗಿ ನಿಂತಿದ್ದ. ತಡೆಯಲಿಲ್ಲ.

ಕಾಜಲ ಅಜ್ಜಿಯ ಬಾಯಿಯನ್ನೇ ನೋಡುತ್ತಿದ್ದಳು. ಕಣ್ಣುಗಳು ದೊಡ್ಡವಾಗಿದ್ದವು. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತ ಗಳಿಗೆಯಲ್ಲಿ ಅವಳು ಅಭಯನ ಮುಂದೆ ಬಂದು ನಿಂತು, ಅವನ ಮೂಗಿಗೆ ಬೆರಳು ಇಟ್ಟು, ಸ್ಪಷ್ಟವಾಗಿ ಹೇಳಿದಳು:

“ತೂ ಖೋಡಿ. ಹೋಗ.”

‘ನೀನು’ ಎನ್ನಲು ಮರಾಠಿಯ ತೂ, ಅಜ್ಜಿಯ ಬೈಗುಳ ಖೋಡಿ, ಅಜ್ಜಿಯದೇ ಹೋಗ. ಅಲ್ಲಿಯವರೆಗೆ ಆ ಮಗು ಒಂದು ಶಬ್ದದ ಪಕ್ಕ ಇನ್ನೊಂದನ್ನು ಇಟ್ಟಿರಲಿಲ್ಲ. ಕ್ಯಾಮೆರಾ ಇರಲಿಲ್ಲ. ಎಣಿಸಲು ಮನೀಷಾಗೆ ಕಣ್ಣೂ ಕಾಣುತ್ತಿರಲಿಲ್ಲ.

ಯಮುನವ್ವ ಮೊಮ್ಮಗಳನ್ನು ಬಾಚಿ ಎತ್ತಿಕೊಂಡು, “ಹಂಗ ಅನ್ನು ನನ್ನವ್ವಾ, ಇನ್ನೊಮ್ಮೆ ಅನ್ನು,” ಅಂದಳು.

ಹೊರಗೆ ಬಂದಮೇಲೆ ಮನೀಷಾ ಕೇಳಿದಳು, “ಒಂದು ಫೋನ್ ಮಾಡಬಾರದಾಗಿತ್ತೇನು?”

“ಮುಂಜಾನೆ ಈ ಕಾಗದಕ್ಕ ಶಿಕ್ಕಾ ಹೊಡಿಯೂದು ಸಾಹೇಬರು ನೋಡಿದ್ರು, ಕೆಲಸದಿಂದ ತಗದ್ರು. ಲ್ಯಾಪ್‌ಟಾಪ್ ಇಸ್ಕೊಂಡ್ರು. ಫೋನೂ ಆಫೀಸಿಂದ ಇತ್ತು, ಅದನ್ನೂ ಇಸ್ಕೊಂಡ್ರು. ಕಾಗದ ಕಿಸೆದಾಗ ಇತ್ತು. ಚಾರ್ಟ್ ಇಲ್ಲದ ಅಲ್ಲಿಗೆ ಬಂದು ಏನ್ ಮಾಡಲಿ? ಕಾಗದ ಇಲ್ಲಿಗೆ ಮುಟ್ಟಬೇಕಿತ್ತು.”

“ಇವತ್ತು ಮಾಡಿದ್ದು ಛಲೋ ಆತು,” ಅಂದಳು. “ಬಸ್ಸಿನಾಗ ಹೇಳಿದ್ದು ನಾ ಇನ್ನೂ ಮರತಿಲ್ಲ.” ಅಷ್ಟು ಹೇಳಿ ಹೊರಟುಹೋದಳು.

*

ಸುಕುಮಾರ ಸಾಹೇಬರಿಗೆ ಏನೂ ಆಗಲಿಲ್ಲ. ಆದರೆ ಪ್ರಿಯದರ್ಶನಿ ಮ್ಯಾಡಮ್ ಬರೆದ ಪತ್ರ ಹೋಗಬೇಕಾದಲ್ಲಿಗೆ ಹೋಗಿ, ಆ ನೂರು ಮನೆಗಳ ಸಲಹೆ ನಿಂತಿತು. ಮನೀಷಾಳ ಹತ್ತಿರ ಎಲ್ಲ ವಿಡಿಯೋಗಳ ತನ್ನದೇ ಪ್ರತಿಯಿತ್ತು. ಹನ್ನೆರಡೂ ಮನೆಗೆ ಹೋಗಿ ಹೊಸದಾಗಿ ಒಪ್ಪಿಗೆ ಕೇಳಿದಳು. ಮೂರು ಮನೆಯವರು ಬೇಡ ಅಂದರು. ಕೇದಾರಿ ಎಲ್ಲರಿಗಿಂತ ಕೊನೆಗೆ ಒಪ್ಪಿದ, ಒಂದು ಕರಾರಿನ ಮೇಲೆ. ಕಾಜಲಳ ಬಗ್ಗೆ ಏನು ಬರೆದರೂ ಹೊರಗೆ ಹೋಗುವ ಮೊದಲು ಯಮುನವ್ವನಿಗೆ ಓದಿ ಹೇಳಬೇಕು.

ಅಭಯ ಗೋಕುಳ ಶಿರಗಾಂವದಲ್ಲೇ ಒಂದು ಫೌಂಡ್ರಿಯಲ್ಲಿ ಎರಕದ ಅಳತೆ ನೋಡುವ ಕೆಲಸಕ್ಕೆ ಸೇರಿದ. ಗುರುವಾರ ಅವನಿಗೆ ರಜೆ. ಎರಡನೇ ಗುರುವಾರ ಅವನು ಕಬನೂರದ ಬಾಗಿಲಲ್ಲಿ ಒಂದು ನೋಟ್‌ಬುಕ್ ಹಿಡಿದು ನಿಂತಿದ್ದ.

“ಎರಡನೇದವರು ಎಣಿಸಿದ್ರ ಲೆಕ್ಕ ಗಟ್ಟಿ ಆಗತೈತಿ,” ಅಂದ.

“ಯಾರನ್ನ ಕೇಳಿ ಬಂದ್ರಿ?”

“ಯಮುನವ್ವನ್ನ.”

ಅವನು ಹೊಸ್ತಿಲ ಮೇಲೆ ಮನೀಷಾಳ ಕಡೆ ಬೆನ್ನು ಮಾಡಿ ಕೂತ. ಮುಖ ಕಾಜಲಳ ಕಡೆಗೆ ಮಾತ್ರ. ಒಂದು ತಾಸು ತಿರುಗಲಿಲ್ಲ. ಅವನ ಎಣಿಕೆ ಅವಳ ಎಣಿಕೆಗೆ ಒಂದು ಶಬ್ದವೂ ಹೆಚ್ಚುಕಡಿಮೆಯಾಗದೆ ಕೂಡಿತು. ಮುಂದಿನ ವಾರವೂ, ಅದರ ಮುಂದಿನ ವಾರವೂ ಹಾಗೇ. ಕಾಜಲ ಹದಿನೇಳು, ಮೂವತ್ತು, ಒಂಬತ್ತು, ನಲವತ್ತೊಂದು ಎಂದು ಹಾರುತ್ತಿದ್ದಳು. ಮನೀಷಾ ಆ ಬೆನ್ನನ್ನು ನೋಡುತ್ತಿದ್ದಳು. ಅಂಗಿಯ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಕುತ್ತಿಗೆಯ ಮೇಲೆ ಫೌಂಡ್ರಿಯ ಕಪ್ಪು ಮರಳು ತೊಳೆದರೂ ಹೋಗದೆ ಉಳಿದಿತ್ತು.

ಐದನೇ ಗುರುವಾರ ಅವನದು ಐವತ್ಮೂರು, ಅವಳದು ಐವತ್ತೆರಡು.

“ನಿಮ್ಮದು ಒಂದು ಹೆಚ್ಚು,” ಅಂದಳು.

“ನಿಮ್ಮದು ಒಂದು ಕಡಿಮಿ,” ಅಂದ, ತಿರುಗದೆ.

ಅಲ್ಲೇ ಕೂತು ವಿಡಿಯೋ ಹಾಕಿದಳು. ಇಪ್ಪತ್ತೇಳನೇ ನಿಮಿಷ. ಕಾಜಲ ಅಜ್ಜಿಯ ಕೈಯಿಂದ ರೊಟ್ಟಿಯ ತುಂಡು ತಗೊಂಡು “ಬಿಸಿ” ಅಂದಿದ್ದಳು. ಅವಳ ಎದುರಿಗೇ ಅಂದಿದ್ದಳು. ಮನೀಷಾಗೆ ಕೇಳಿಸಿರಲಿಲ್ಲ. ಆ ಹೊತ್ತಿನಲ್ಲಿ ಕಣ್ಣು ಎಲ್ಲಿತ್ತು ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಲ್ಯಾಪ್‌ಟಾಪ್ ಮುಚ್ಚಿ, ಚೀಲ ಹೆಗಲಿಗೆ ಹಾಕಿ, ದಡದಡ ಹೊರಟಳು. ಓಣಿಯ ಅರ್ಧಕ್ಕೆ ಅವನು ಬಂದು ಕೂಡಿಕೊಂಡ. ಎರಡೂ ಕಡೆ ಶೆಡ್ಡು, ನೂರಾರು ಮಗ್ಗ. ಒದರದೆ ಮಾತು ಕೇಳಿಸುತ್ತಿರಲಿಲ್ಲ.

“ಏನಾತ್ರಿ?” ಅವನು ಒದರಿದ. “ಒಂದು ಶಬ್ದ ತಪ್ಪಿದ್ರ ಏನಾತು?”

“ಯಾಕ ತಪ್ಪಿತು ಕೇಳ್ರಿ.”

“ಯಾಕ?”

ಅವಳು ನಿಂತು ತಿರುಗಿದಳು. ಎಂಟು ವಾರದ ಸಿಟ್ಟು, ಇವನ ಮೇಲಿನದು, ಆ ಕೆಂಪು ಬಣ್ಣದ ಮೇಲಿನದು, ಈಗ ತನ್ನ ಮೇಲೆಯೇ ಹುಟ್ಟಿದ್ದು, ಎಲ್ಲ ಒಟ್ಟಿಗೆ ಬಂತು.

“ನನಗೂ ಕೂಸಿನ ಕಡೆ ಲಕ್ಷ್ಯ ಇದ್ದಿದ್ದಿಲ್ಲ,” ಅವಳು ಮಗ್ಗಗಳ ಮೇಲೆ ಒದರಿದಳು. “ನಿನ್ನ ಬೆನ್ನ ಕಡೆ ಇತ್ತು. ನೀ ಮಾಡಿದ್ದ ತಪ್ಪು ನಾನೂ ಮಾಡಿದೆ. ಅದಕ್ಕ ಸಿಟ್ಟು ಬಂದೈತಿ. ನಿನ್ನ ಮ್ಯಾಲೆ ಎಷ್ಟು ಸಿಟ್ಟು ಐತಿ ಅಂದ್ರ, ಇಡೀ ಜನ್ಮದಾಗ ಬ್ಯಾರೆ ಯಾರ ಮ್ಯಾಲೂ ಇಷ್ಟು ಸಿಟ್ಟು ಮಾಡಾಕ ನನಗ ಮನಸಿಲ್ಲ.”

ಕೊನೆಯ ನಾಲ್ಕು ಶಬ್ದದ ಮೊದಲು ಕರೆಂಟು ಹೋಗಿತ್ತು. ನೂರಾರು ಮಗ್ಗ ಒಮ್ಮೆಗೇ ನಿಂತವು. ‘ಸಿಟ್ಟು ಮಾಡಾಕ ನನಗ ಮನಸಿಲ್ಲ’ ಇಡೀ ಓಣಿಗೆ ಕೇಳಿಸಿತು. ಶೆಡ್ಡಿನ ಬಾಗಿಲುಗಳಲ್ಲಿ ಒಬ್ಬೊಬ್ಬರೇ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಕನ್ನಡ ಬಾರದವರಿಗೆ ಪಕ್ಕದವರು ಮೆಲ್ಲಗೆ ಅರ್ಥ ಹೇಳಿದರು.

ಅಭಯ ಅಲ್ಲಾಡದೆ ನಿಂತಿದ್ದ. ಒದರುವ ಅಗತ್ಯ ಈಗ ಇರಲಿಲ್ಲ.

“ನನಗ ‘ನೀ’ ಅಂದ್ರಿ,” ಅಂದ.

“ಅಂದೆ. ಏನೀಗ?”

“ಹಂಗಾರ ನಾನೂ ಅನ್ಲೇನು?”

“ಅಂದು ನೋಡು,” ಅಂದಳು. ಮುಖ ಇನ್ನೂ ಕೆಂಪಗೇ ಇತ್ತು.

ಅವನು ಬಾಯಿ ತೆರೆದ. ಅಷ್ಟರಲ್ಲಿ ಕರೆಂಟು ಬಂತು. ಓಣಿಯ ಎರಡೂ ಕಡೆ ಮಗ್ಗಗಳು ಒಟ್ಟಿಗೆ ಬಡಿದುಕೊಂಡವು. ಅವನ ತುಟಿ ಅಲ್ಲಾಡಿದ್ದು ಕಂಡಿತು, ಹೇಳಿದ್ದು ಕೇಳಿಸಲಿಲ್ಲ. ಮನೀಷಾ ಹುಬ್ಬು ಗಂಟಿಕ್ಕಿ, ಎರಡು ಹೆಜ್ಜೆ ಮುಂದೆ ಹೋಗಿ, ಕೂದಲನ್ನು ಕಿವಿಯ ಹಿಂದೆ ಸರಿಸಿ, ಆ ಕಿವಿಯನ್ನು ಅವನ ಬಾಯಿಯ ಹತ್ತಿರ ತಂದಳು.